ಹರಿಹರದ ಮುದಿ ಕಂಪ್ಯೂಟರಿಗೆ ಕಾವಲು

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಕಂಪ್ಯೂಟರಿನಿಂದ ತೊಂದರೆ ಕಡಿಮೆ, ಅದರ ಮಾಲೀಕರಿಂದಲೇ ಜಾಸ್ತಿ. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯಿಂದ ಹರಿಹರಕ್ಕೆ ಸ್ಕೂಟರಿನಲ್ಲಿ ಓಡಾಡಿಕೊಂಡು ನಾನು ಕಲಿತ ವಿದ್ಯೆ ಇಷ್ಟೇ. ಅದರಲ್ಲಿ ಮುಕ್ಕಾಲು ಪಾಲನ್ನು ಒಬ್ಬರೇ ಕಲಿಸಿದರು.

ಅವರದು ಹರಿಹರದಲ್ಲಿ ಲೇತ್ ವರ್ಕ್‌ಶಾಪು, ಮನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. ಅವರು ಕೆಮ್ಮಿದರೆ ಸಾಕು, ಕೆಲಸಗಾರರು ಬೀಡಿ ಆರಿಸುತ್ತಿದ್ದರು. ಯಾರೋ ಬಳಸಿ ಬಿಟ್ಟ ಹಳೇ ಕಂಪ್ಯೂಟರೊಂದನ್ನು ತಂದು, ಅದಕ್ಕೆ ಇಂಟರ್ನೆಟ್ ಹಾಕಿಸಿದ್ದರು. ಆ ಕಾಲಕ್ಕೇ ಅದು ಮುದುಕ. ಹೊಸ ಆ್ಯಂಟಿವೈರಸ್ ಹಾಕಲು ಹೋದರೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು.

ಒಂದು: ಪಂಜರ

"ಇಂಟರ್ನೆಟ್ ಹಾಕಿಸಿದ್ರೆ ಕಳ್ಳರು ಒಳಗ ಬರ್ತಾರಂತಲ್ರಿ?" ಎಂದು ಮಾಲೀಕರು ಒಂದು ದಿನ ಕೇಳಿದರು.

"ಬರ್ತಾರೆ ಸರ್. ಈ ಮಷೀನು ಹಳೇದು, ಸ್ವಲ್ಪ ಭದ್ರ ಮಾಡಬೇಕು. ಮುಂದಿನ ವಾರ ಬಂದು ನೋಡ್ತೀನಿ" ಎಂದು ಹೇಳಿ ಬಂದೆ.

ಮುಂದಿನ ವಾರ ಹೋದರೆ ಕಂಪ್ಯೂಟರ್ ಕಬ್ಬಿಣದ ಪಂಜರದೊಳಗೆ ಕೂತಿತ್ತು. ಅಂಗುಲ ದಪ್ಪದ ಸರಳು, ನಾಲ್ಕೂ ಮೂಲೆಗೆ ವೆಲ್ಡಿಂಗು, ಮುಂದೆ ಅಂಗೈಯಗಲದ ಬೀಗ. ವರ್ಕ್‌ಶಾಪಿನವರಿಗೆ ಭದ್ರ ಅಂದರೆ ವೆಲ್ಡಿಂಗೇ ತಾನೆ! ಫ್ಲಾಪಿ ಹಾಕಲು ಸರಳು ಅಡ್ಡ. ಹಿಂದೆ ಕೈ ಹಾಕಲು ಜಾಗವಿಲ್ಲ. ಆದರೆ ಫೋನಿನ ತಂತಿ ಒಳಗೆ ಹೋಗಲು ಅಚ್ಚುಕಟ್ಟಾಗಿ ಒಂದು ತೂತು ಕೊರೆದಿದ್ದರು.

"ಸರ್, ಕಳ್ಳರು ಬರೋದೇ ಈ ತೂತಿನಿಂದ."

ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದನ್ನ ಮುಚ್ಚಿದ್ರೆ ಇಂಟರ್ನೆಟ್ ಹೆಂಗೆ ಬರ್ಬೇಕ್ರಿ?"

ಎರಡು: ಚಾಚಾ

ಆ ವರ್ಕ್‌ಶಾಪಿಗೆ ಇದ್ದದ್ದು ಒಂದೇ ಫೋನ್ ಲೈನು. ಆಫೀಸಿನಲ್ಲೊಂದು ಫೋನು, ಅದೇ ಲೈನಿನ ಇನ್ನೊಂದು ಫೋನು ಲೇತಿನ ಪಕ್ಕ. ಅದು ಹಿರಿಯ ಮೇಸ್ತ್ರಿಯ ವಶ. ಅವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಚಾಚಾ ಫೋನೆತ್ತಿದರೆ ಇಲ್ಲಿ ಇಂಟರ್ನೆಟ್ ಕಟ್.

ಒಂದು ಸಂಜೆ ಮಾಲೀಕರಿಗೆ ಯಾರೋ ಗುರುತಿಲ್ಲದವರು ಶುಭಾಶಯದ ಚಿತ್ರ ಕಳಿಸಿದ್ದರು. "ಬ್ಯಾಡ ಸರ್, ತೆಗೀಬ್ಯಾಡ್ರಿ" ಎಂದು ನಾನು ಎಷ್ಟು ಬಡಿದುಕೊಂಡರೂ ಕೇಳಲಿಲ್ಲ. ಚಿತ್ರ ಎತ್ತಿನ ಗಾಡಿಯ ವೇಗದಲ್ಲಿ ಇಳಿಯತೊಡಗಿತು. ಇನ್ನೇನು ಪೂರ್ತಿ ಇಳಿಯಬೇಕು, ಲೈನು ಕಟ್! ಮಂಡಕ್ಕಿ ಮಿರ್ಚಿಗೆ ಹೇಳಲು ಚಾಚಾ ಫೋನೆತ್ತಿದ್ದರು. ಮಾಲೀಕರು ಸಿಟ್ಟಿನಿಂದ ಕುಣಿದಾಡಿಬಿಟ್ಟರು. ಚಾಚಾ ಮಾತ್ರ ಶಾಂತವಾಗಿ, "ಮಿರ್ಚಿ ಗರಮ್ ಇದ್ದಾಗ್ಲೇ ತರಿಸ್ಬೇಕಲ್ರಿ ಸಾಹೇಬ್ರೆ" ಅಂದರು.

ಮರುದಿನ ಪಕ್ಕದ ಅಕ್ಕಿ ಗಿರಣಿಯವರು ಅಳುಮುಖ ಹೊತ್ತು ಬಂದರು. ಅದೇ ಚಿತ್ರವನ್ನು ತೆರೆದು ಅವರ ಕಂಪ್ಯೂಟರ್ ನೆಗೆದುಬಿದ್ದಿತ್ತು. ಮಾಲೀಕರು ನನ್ನತ್ತ ತಿರುಗಿ ಹೇಳಿದರು: "ನಿಮ್ಮ ಆ್ಯಂಟಿವೈರಸ್ಸು ನೀವೇ ಇಟ್ಕೊಳ್ರಿ. ನಮಗ ಚಾಚಾ ಸಾಕು."

ಮೂರು: ಪಾಸ್‌ವರ್ಡು

ಕಡೆಗೆ ನನ್ನ ಒಂದು ಮಾತಿಗಾದರೂ ಅವರು ಬೆಲೆ ಕೊಟ್ಟರು. ಕಂಪ್ಯೂಟರ್ ಶುರುವಾಗುವಾಗಲೇ ಪಾಸ್‌ವರ್ಡ್ ಕೇಳುವಂತೆ ಮಾಡಿಸಿಕೊಂಡರು. "ನನಗ, ನಮ್ಮ ಮನಿಯವರಿಗೆ ಬಿಟ್ರೆ ದೇವರಿಗೂ ಗೊತ್ತಿಲ್ಲ" ಎಂದು ಮೀಸೆ ತಿರುವಿದರು.

ಆಗ ವರ್ಕ್‌ಶಾಪಿನಲ್ಲಿ ಕೆಲಸ ತೀರಾ ಕಡಿಮೆಯಾಗಿತ್ತು. ಅರ್ಧ ಲೇತುಗಳು ಸುಮ್ಮನೆ ನಿಂತಿದ್ದವು, ಯಾರನ್ನು ಕೆಲಸದಿಂದ ಬಿಡಿಸುತ್ತಾರೋ ಎಂದು ಕೆಲಸಗಾರರಿಗೆ ದಿಗಿಲು. ಅಂಥದ್ದರಲ್ಲಿ ಪುಣೆಯ ಕಂಪನಿಯೊಂದು ದೊಡ್ಡ ಆರ್ಡರ್ ಕೊಡುವ ಮಾತಾಡಿತ್ತು. ದರವನ್ನು ಮರುದಿನ ಸಂಜೆ ಐದು ಗಂಟೆಯೊಳಗೆ ಇ-ಮೇಲಿನಲ್ಲಿ ಕಳಿಸಬೇಕು, ಇಲ್ಲದಿದ್ದರೆ ಆರ್ಡರ್ ಬೇರೆಯವರ ಪಾಲು. ಮಾಲೀಕರು ಎಲ್ಲ ಟೈಪು ಮಾಡಿಟ್ಟರು, ಆದರೆ ಫೋನ್ ಲೈನು ಸತ್ತಿತ್ತು. "ನಾಳೆ ಲೈನು ಬಂದ ಕೂಡ್ಲೆ ಕಳಿಸಿಬಿಡ್ರಿ" ಎಂದು ನನಗೆ ಹೇಳಿ, ಪಂಜರದ ಕೀಲಿಕೈ ಕೊಟ್ಟು, ಸಂಬಂಧಿಕರ ಮದುವೆಗೆ ಒಬ್ಬರೇ ಬಸ್ಸು ಹತ್ತಿದರು. ಪಾಸ್‌ವರ್ಡ್ ಹೇಳುವುದನ್ನು ಮರೆತರು.

ಮರುದಿನ ಮಧ್ಯಾಹ್ನ ಲೈನು ಬಂತು. ನಾನು ಆಫೀಸಿನಿಂದ ಅವರ ಮನೆಗೆ ಫೋನ್ ಮಾಡಿದೆ, ಅವರ ಹೆಂಡತಿ ಎತ್ತಿದರು. ಲೇತಿನ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಚಾಚಾ ಲೇತು ನಿಲ್ಲಿಸಿ ಒಳಗೆ ಬಂದು, ಫೋನಿನ ಸ್ಪೀಕರ್ ಒತ್ತಿದರು. ಕೆಲಸಗಾರರೆಲ್ಲ ಸುತ್ತ ನಿಂತರು.

"ಅಕ್ಕಾರೆ, ಪಾಸ್‌ವರ್ಡ್ ಹೇಳ್ರಿ. ಅರ್ಜೆಂಟ್ ಐತೆ."

"ಅಯ್ಯೋ, ಅದೊಂದು ಕೇಳಬ್ಯಾಡ್ರಿ. ಅದು ನಮ್ಮನಿಯವರ ಹೆಸರು."

ಇಷ್ಟೇನಾ ಎಂದುಕೊಂಡು ಬೋರ್ಡಿನ ಮೇಲಿದ್ದ ಮಾಲೀಕರ ಹೆಸರು ಹೊಡೆದೆ. ಮುದಿ ಕಂಪ್ಯೂಟರ್ ಒಪ್ಪಲಿಲ್ಲ.

"ಆ ಹೆಸರಲ್ರಿ. ನಮ್ಮತ್ತಿ ಮನ್ಯಾಗ ಕರೆಯೋ ಹೆಸರು."

"ಹಂಗಾದ್ರೆ ಅತ್ತೆಯವ್ರನ್ನ ಕರೀರಿ."

"ಅವರು ಬಾತಿ ಊರಿಗೆ, ಮಗಳ ಮನಿಗೆ ಹೋಗ್ಯಾರ. ಅಲ್ಲಿ ಫೋನಿಲ್ಲ."

"ಒಂದೊಂದೇ ಅಕ್ಷರ ಬಿಡಿಸಿ ಹೇಳ್ರಿ."

"ಬಿಡಿಸಿ ಹೇಳಿದ್ರೂ ಗಂಡನ ಹೆಸರು ಹೇಳಿದಂಗೇ ಅಲ್ಲೇನ್ರಿ?"

ಗಡಿಯಾರ ನಾಲ್ಕೂವರೆ ದಾಟಿತ್ತು. ಚಾಚಾ ಫೋನಿನ ಹತ್ತಿರ ಬಾಗಿ ಕೈಮುಗಿದರು. "ಅಮ್ಮಾರೆ, ಇಷ್ಟೂ ಮಂದಿ ಹೊಟ್ಟೆ ಪಾಡೈತೆ. ಮದ್ವ್ಯಾಗ ಹೆಸರು ಸೇರಿಸಿ ಒಡಪಿನ ಪದ ಹೇಳಿದ್ರಲ್ಲ, ಹಂಗೇ ಹೇಳ್ರಿ."

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಮದುಮಗಳ ರಾಗದಲ್ಲೇ ಬಂತು:

"ಹರಿಹರದ ಹೊಳ್ಯಾಗ ಹರಿಯೋದು ತಿಳಿನೀರು,
ನಮ್ಮನಿ ಪಾಪು ಅವರಿಗೆ ದಿನಾ ಬೇಕು ತಿಳಿಸಾರು!"

'ಪಾಪು' ಎಂದು ಹೊಡೆದೆ. ಕಂಪ್ಯೂಟರ್ ತೆರೆದುಕೊಂಡಿತು. ಫೋನಿಟ್ಟು ಇಂಟರ್ನೆಟ್ ಹಚ್ಚಿದೆ; ಮೇಲ್ ಹೋಗುವವರೆಗೆ ಚಾಚಾ ಯಾರನ್ನೂ ಇನ್ನೊಂದು ಫೋನಿನ ಹತ್ತಿರ ಬಿಡಲಿಲ್ಲ. ಹೋಯಿತು ಅಂದದ್ದೇ ತಡ, ವರ್ಕ್‌ಶಾಪಿನ ತಗಡು ಹಾರಿಹೋಗುವಷ್ಟು ನಗು.

ಆರ್ಡರ್ ಸಿಕ್ಕಿತು, ಎಲ್ಲರ ಕೆಲಸ ಉಳಿಯಿತು. ಮಾಲೀಕರು ವಾಪಸು ಬಂದಾಗ ಮಾತ್ರ ಯಾರೂ ಅವರ ಮೀಸೆ ಕಡೆ ನೋಡುವ ಧೈರ್ಯ ಮಾಡಲಿಲ್ಲ. ನೋಡಿದರೆ ನಗು ತಡೆಯುವುದು ಕಷ್ಟ. ಸಂಗತಿ ತಿಳಿದು ಮಾಲೀಕರು ಕೆಂಡವಾದರು, ಫೋನ್ ಎತ್ತಿ ಮನೆಗೆ ಗುಡುಗಿದರು: "ಇಷ್ಟು ಮಂದಿ ಮುಂದ ನನ್ನ ಹೆಸರು ಹೇಳಿಬಿಟ್ಟೆಲ್ಲೇ!"

ಸಿಟ್ಟಿನಲ್ಲಿ ಅವರ ಬೆರಳು ಸ್ಪೀಕರ್ ಗುಂಡಿಯನ್ನೂ ಒತ್ತಿತ್ತು. ಉತ್ತರ ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

"ಅಯ್ಯ, ಹೆಸರು ನಾ ಎಲ್ಲಿ ಹೇಳಿದೆ? ಒಡಪು ಹೇಳಿದೆ!"