ಸಿದ್ದರಾಯ ಹುಳು ಬಿಟ್ಟದ್ದು

ಒಂದು ಗೇಣುದ್ದದ ನೀರುಗಿಡ ಒಬ್ಬ ಸಂಭಾವಿತ ಗೃಹಸ್ಥನನ್ನು ಹೇಗೆ ಹಾಳುಮಾಡುತ್ತದೆ ಎಂಬುದನ್ನು ಸಿಂದಗಿಯ ಸಿದ್ದರಾಯನನ್ನು ಕೇಳಿ ತಿಳಿಯಬೇಕು. ಬೇಡ, ಕೇಳಬೇಡಿ. ಆ ಮಾತು ತೆಗೆದರೆ ಇಂದಿಗೂ ಅವನ ಕಿವಿ ಕೆಂಪಾಗುತ್ತವೆ.

ಸಿದ್ದರಾಯ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಕುಡಿತವಿಲ್ಲ, ಇಸ್ಪೀಟಿಲ್ಲ, ಬಾಯಿಗೆ ಎಲೆಯಡಿಕೆ ಕೂಡ ಇಲ್ಲ. ಇದ್ದ ಒಂದೇ ಚಟವೆಂದರೆ ಪಡಸಾಲೆಯ ಟೇಬಲ್ಲಿನ ಮೇಲಿದ್ದ ಗಾಜಿನ ಮೀನಿನ ಪೆಟ್ಟಿಗೆ. ಬಿಜಾಪುರದಿಂದ ಕೆಂಪು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಒಂದೊಂದು ತಗ್ಗಿಗೂ ದೇವರ ಹೆಸರು ಹೇಳುತ್ತ ತಂದದ್ದು. ಅದರೊಳಗೆ ಐದು ಬಂಗಾರದ ಬಣ್ಣದ ಮೀನು. ಸಂಜೆ ಅವನು ಅದರ ಮುಂದೆ ಕುಳಿತು ಗಾಜಿನ ಮೇಲೆ ಬೆರಳಾಡಿಸಿದರೆ ದಪ್ಪನೆಯದೊಂದು ಮೀನು ಬೆರಳಿನ ಹಿಂದೆಯೇ ಓಡಾಡುತ್ತಿತ್ತು. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಅವನು ಹೇಳಿದ ಹಾಗೆ ಕೇಳುತ್ತಿದ್ದ ಜೀವ ಅದೊಂದೇ.

ಮೀನುಗಳಿಗೆ ನೆರಳಿರಲಿ ಎಂದು ಎರಡು ತಿಂಗಳ ಹಿಂದೆ ಒಂದು ನೀರುಗಿಡ ತಂದು ನೆಟ್ಟ. ಗಿಡದ ಜೊತೆಗೆ, ಕರೆಯದೆ ಬಂದ ಬೀಗರಂತೆ, ಎರಡು ಬಸವನಹುಳುಗಳೂ ಬಂದವು. ಎರಡಿದ್ದದ್ದು ಇಪ್ಪತ್ತಾಯಿತು, ಆಮೇಲೆ ಎಣಿಸುವುದನ್ನೇ ಬಿಟ್ಟ. ಗಾಜಿನ ತುಂಬ ಲೋಳೆ, ಗಿಡದ ತುಂಬ ತೂತು. ಅಷ್ಟಾದರೂ ಸಹಿಸಬಹುದಿತ್ತು. ಆದರೆ ಶ್ರಾವಣದ ಮೂರನೆಯ ಸೋಮವಾರ ಬೆಳಿಗ್ಗೆ ಒಂದು ಹುಳು ಪೆಟ್ಟಿಗೆಯ ಅಂಚು ಹತ್ತಿ ಹೊರಗುರುಳಿತು. ಉರುಳಿದ್ದು ಬೇರೆಲ್ಲೂ ಅಲ್ಲ, ಪಕ್ಕದಲ್ಲಿ ಮುಚ್ಚದೆ ಇಟ್ಟಿದ್ದ ನೈವೇದ್ಯದ ಹೋಳಿಗೆಯ ಮೇಲೆ.

ಹೆಂಡತಿ ದಾನೇಶ್ವರಿ ಆ ತಟ್ಟೆಯನ್ನು ತಂದು ಅವನ ಮೂಗಿನ ಕೆಳಗೆ ಹಿಡಿದಳು.

"ಸಂಜೀಕ ಭಜನಿಗೆ ಓಣಿ ಮಂದಿ ಎಲ್ಲಾ ಬರ್ತಾರ. ಅಷ್ಟರಾಗ ಹುಳ ಹೋದ್ರ ಪೆಟ್ಟಿಗಿ ಇರ್ಲಿ. ಒಂದ ಒಂದು ಹುಳ ಕಂಡ್ರೂ ಪೆಟ್ಟಿಗಿ ಮೋರಟಗಿಗೆ ನಮ್ಮಣ್ಣನ ಮನಿಗೆ ಹೋಗ್ತೈತಿ, ನೋಡ್ರಿ."

ಆ ಅಣ್ಣ ಸಂಗಮೇಶನ ಕಣ್ಣು ಮೊದಲ ದಿನದಿಂದಲೂ ಆ ಪೆಟ್ಟಿಗೆಯ ಮೇಲಿತ್ತು. ಬಿತ್ತನೆಯ ಬೀಜ ಇಡಲು ಬಹಳ ಚಲೋ ಆಗುತ್ತದೆ ಎಂದು ಬಾಯಿಬಿಟ್ಟು ಹೇಳಿದ್ದ. ಬಿತ್ತನೆಯ ಬೀಜ! ಸಿದ್ದರಾಯನ ರಕ್ತ ಕುದಿಯಿತು. ಹೊಟ್ಟೆನೋವು ಎಂದು ರಜೆಯ ಚೀಟಿ ಬರೆದು ಕಚೇರಿಗೆ ಕಳಿಸಿ ತೋಳು ಮೇಲೇರಿಸಿದ.

ಸುದ್ದಿ ಓಣಿಗೆ ಮುಟ್ಟಲು ಎಷ್ಟು ಹೊತ್ತು? ಎದುರು ಮನೆಯ ಪೀರಬಿ ಒಂದು ಹಿಡಿ ಉಪ್ಪು ಹಾಕಿದರೆ ಎಲ್ಲ ಹುಳುಗಳೂ ಸತ್ತುಬೀಳುತ್ತವೆ ಎಂದಳು. ಉಪ್ಪು ಹಾಕಿದರೆ ಮೀನಿನ ಗತಿ ಏನು ಎಂದು ಸಿದ್ದರಾಯ ಕೇಳುವುದರೊಳಗೆ ಅವನ ತಾಯಿ ಬಾಳಮ್ಮ ಜಪ ಬಿಟ್ಟು ಎದ್ದು ಬಂದಳು.

"ಶ್ರಾವಣದಾಗ ಈ ಮನ್ಯಾಗ ಜೀವ ತಗಿಯಾಂಗಿಲ್ಲ. ಹುಳ ಆದ್ರೇನು, ಅದಕ್ಕೂ ಜೀವ ಐತಿ. ಬೇಕಾದ್ರ ಕೆರಿಗೆ ಬಿಟ್ಟು ಬಾ ತಮ್ಮಾ."

ಕೊಲ್ಲುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಕೊನೆಗೆ ಉಪಾಯ ಹೇಳಿದವನು ಪಕ್ಕದ ಮನೆಯ ಯಾಕೂಬಸಾಬ. ನಿವೃತ್ತ ಕಂಡಕ್ಟರ್, ಒಂದು ಕಾಲಕ್ಕೆ ತಾನೂ ಮೀನು ಸಾಕಿದವನು. ಒಂದು ಗೋಬಿ ಎಲೆಯನ್ನು ಕುದಿಸಿ ತಳದಲ್ಲಿಡು, ಹುಳುಗಳು ತಾವಾಗಿ ಬಂದು ಅದಕ್ಕೆ ಹತ್ತುತ್ತವೆ, ಎಲೆ ಸಮೇತ ಎತ್ತಿಬಿಡು ಎಂದ. ಮಾಡಿದರೆ ಸುಳ್ಳಲ್ಲ! ಅರ್ಧ ತಾಸಿನಲ್ಲಿ ಎಲೆಯ ಮೇಲೆ ಜಾತ್ರೆಯೇ ನೆರೆಯಿತು.

ಅಷ್ಟರಲ್ಲಿ ಓಣಿಯ ಹೆಂಗಸರು ನೋಡಲು ಬಂದರು. ಬಂದವರು ಸುಮ್ಮನೆ ನೋಡಿ ಹೋಗಬಾರದೇ? ಮೀನಿಗೆ ತಿನ್ನಲು ಹಾಕಿದರೆ ಪುಣ್ಯವಂತೆ, ಶ್ರಾವಣ ಸೋಮವಾರ ಇನ್ನೂ ಹೆಚ್ಚಂತೆ. ಮನೆಗೆ ಬಂದಾಗಲೆಲ್ಲ ಇವರ ಪದ್ಧತಿ ಇದೇ. ತಿಪ್ಪವ್ವ ಒಂದು ಚಿಟಿಕೆ ಚುರುಮರಿ ಹಾಕಿದಳು, ಅವಳ ಹಿಂದಿನವಳು ರೊಟ್ಟಿ ಮುರಿದು ಹಾಕಿದಳು, ಇನ್ನೊಬ್ಬಳು ಸೆರಗಿನ ಗಂಟಿನಿಂದ ಪುಟಾಣಿ ಕಡಲೆ ತೆಗೆದಳು. ಎಲೆಯ ಮೇಲಿದ್ದ ಹುಳುಗಳೆಲ್ಲ ಇಳಿದು ಚುರುಮರಿಯ ಕಡೆಗೆ ನಡೆದವು. ತಿನ್ನಲು ಹೆಚ್ಚಾಗಿದ್ದಕ್ಕೇ ಹುಳು ಇಷ್ಟು ಹೆಚ್ಚಿದವು ಎಂದು ಯಾಕೂಬಸಾಬ ಆಗ ಬಾಯಿಬಿಟ್ಟ. ಅಂದರೆ ಇಷ್ಟು ದಿನ ಈ ಮಂದಿಯ ಪುಣ್ಯವನ್ನೆಲ್ಲ ನನ್ನ ಪೆಟ್ಟಿಗೆಯಲ್ಲಿ ಸಾಕುತ್ತಿದ್ದೆನೇ ಎಂದು ಸಿದ್ದರಾಯ ಹಲ್ಲು ಕಡಿದ.

ಇನ್ನು ಉಪಾಯ ಸಾಕು ಎಂದವನೇ ಮೀನುಗಳನ್ನು ಹಿತ್ತಲಿನ ತಾಮ್ರದ ಹಂಡೆಗೆ ಬಿಟ್ಟ. ಗಿಡ ಕಿತ್ತ, ನೀರು ಚೆಲ್ಲಿದ, ಹರಳುಗಳನ್ನು ಒಂದೊಂದಾಗಿ ತಿಕ್ಕಿ ತೊಳೆದ. ಹುಳುಗಳನ್ನು ಕೈಯಿಂದ ಆರಿಸಿ ಬಕೀಟಿಗೆ ಹಾಕಿದ. ಮೂರು ತಾಸು ಕುಕ್ಕರುಗಾಲಿನಲ್ಲಿ ಕುಳಿತು ನಡು ಹಿಡಿದುಕೊಂಡಿತು. ಪೆಟ್ಟಿಗೆಗೆ ಹೊಸ ನೀರು ತುಂಬಿ, ಲುಂಗಿ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಬಕೀಟು, ತಳಕ್ಕಂಟಿದ ಹುಳುಗಳನ್ನು ಗೋರಲು ಇನ್ನೊಂದು ಕೈಯಲ್ಲಿ ಪುಟ್ಟ ಬಲೆ ಹಿಡಿದು ಕೆರೆಗೆ ಹೋದ.

ಹುಳುಗಳನ್ನು ನೀರಿಗೆ ಸುರಿದು ತಲೆಯೆತ್ತಿದರೆ ಏರಿಯ ಮೇಲೆ ರಾಚಪ್ಪ ಸಾಹೇಬರು! ಅವನ ಕಚೇರಿಯ ಮುಖ್ಯಸ್ಥರು. ಶ್ರಾವಣದಲ್ಲಿ ಕಾಲಿಗೆ ಚಪ್ಪಲಿ ಕೂಡ ಹಾಕದವರು, ಸೋಮವಾರವೆಂದು ಏರಿಯ ಮೇಲಿನ ಗುಡಿಗೆ ಬಂದಿದ್ದರು. ಅವರ ಕಣ್ಣು ಮೊದಲು ಬಲೆಯ ಮೇಲೆ, ಆಮೇಲೆ ಬಕೀಟಿನ ಮೇಲೆ, ಕೊನೆಗೆ ಅವನ ಹೊಟ್ಟೆಯ ಮೇಲೆ ಬಿತ್ತು.

"ಏನ್ರೀ ಸಿದ್ದರಾಯ, ಹೊಟ್ಟಿಬ್ಯಾನಿ ಅಂತ ಬರದಿದ್ರಿ. ಶ್ರಾವಣ ಸೋಮವಾರ ಮೀನ ಹಿಡದ್ರ ಹೊಟ್ಟಿಬ್ಯಾನಿ ಕಡಿಮಿ ಆಗ್ತೈತೇನು?"

ಮುಂಜಾನೆಯಿಂದ ಒಂದು ಇರುವೆಯನ್ನೂ ಕೊಲ್ಲದೆ ಒದ್ದಾಡಿದವನಿಗೆ ಈ ಮಾತು! ನೌಕರಿಯೂ ಮಾನವೂ ಒಟ್ಟಿಗೇ ಕೆರೆಗೆ ಬೀಳುವುದು ಕಂಡು ಸಿದ್ದರಾಯ ಎದೆಯುಬ್ಬಿಸಿದ.

"ಹಿಡ್ಯಾಕತ್ತಿಲ್ರಿ ಸಾಹೇಬ್ರ, ಬಿಡಾಕತ್ತೇನಿ. ಶ್ರಾವಣದಾಗ ಯಾವ ಜೀವಾನೂ ಮನ್ಯಾಗ ಕೂಡಿಹಾಕಬಾರದು ಅಂತ ನಂದೊಂದು ನೇಮ ಐತ್ರಿ. ಹೇಳ್ಕೊಳ್ಳಾಕ ನಾಚಿಕ್ಯಾಗಿ ಹೊಟ್ಟಿಬ್ಯಾನಿ ಅಂತ ಬರದೆ."

ಹುಟ್ಟಿದಾಗಿನಿಂದ ಅವನು ಒಂದೇ ಉಸಿರಿಗೆ ಇಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ರಾಚಪ್ಪ ಸಾಹೇಬರ ಕಣ್ಣು ಒದ್ದೆಯಾದವು. ಗುಮಾಸ್ತನಿಗೆ ಕೈಮುಗಿದು ಊರ ಕಡೆ ಹೊರಟೇಬಿಟ್ಟರು. ಸಿದ್ದರಾಯನಿಗೆ ಗಾಳಿಯಲ್ಲಿ ತೇಲಿದ ಹಾಗಾಯಿತು. ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಮಿರ್ಚಿ ಭಜಿ ತಿಂದು, ಎರಡು ಸಲ ಚಹಾ ಕುಡಿದು, ನಿಧಾನಕ್ಕೆ ಮನೆಗೆ ಬಂದ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ಓಣಿಯ ಮಂದಿ ಸೇರುತ್ತಿದ್ದರು. ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು, ಹುಡುಕಿದರೂ ಒಂದು ಹುಳುವಿಲ್ಲ. ಇನ್ನು ಮೀನು ಬಿಡುವುದೊಂದೇ ಬಾಕಿ ಎಂದು ಹಿತ್ತಲಿಗೆ ಓಡಿದ. ಹಂಡೆ ಬೋರಲಾಗಿತ್ತು.

"ಅವ್ವಾ, ಮೀನ ಎಲ್ಲ್ಯದಾವು?"

ಬಾಳಮ್ಮ ಅವನ ಕೆನ್ನೆ ಸವರಿ ಲಟಿಕೆ ಮುರಿದಳು. "ನಿಮ್ಮ ಸಾಹೇಬರು ಮನಿತನಕಾ ಬಂದು ನಿನ್ನ ನೇಮ ಹೇಳಿದ್ರಪ್ಪ. ಹಡದದ್ದು ಸಾರ್ಥಕ ಆತು ಅನ್ನಿಸ್ತು. ಹುಳಕ್ಕ ಬಿಡುಗಡಿ ಕೊಟ್ಟಿ, ಮೀನ ಏನು ಪಾಪ ಮಾಡಿದ್ದವು? ನೀನೊಬ್ಬನ ಎಷ್ಟಂತ ಅಡ್ಡಾಡ್ತಿ ಅಂತ ನಾನೂ ತಿಪ್ಪವ್ವಾನೂ ಹೋಗಿ ಮಠದ ಬಾವ್ಯಾಗ ಬಿಟ್ಟು ಬಂದ್ವಿ."

ಮಠದ ಬಾವಿ ಐದಾಳು ಆಳ. ಸಿದ್ದರಾಯ ಓಣಿ ಹಾರಿಹೋಗುವ ಹಾಗೆ ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಭಜನೆಗೆಂದು ಬಂದ ರಾಚಪ್ಪ ಸಾಹೇಬರು ಪಡಸಾಲೆಯಿಂದ ಅವನನ್ನು ಹೆಸರು ಹಿಡಿದು ಕರೆದರು. ತೆರೆದ ಬಾಯಿ ಮುಚ್ಚಿಕೊಂಡು ಹೋದ. ಅವರು ಎಲ್ಲರೆದುರು ಅವನ ಕೊರಳಿಗೆ ಮಲ್ಲಿಗೆಯ ಮಾಲೆ ಹಾಕಿ, ಇಂಥ ನೌಕರ ತಮ್ಮ ಕೈಕೆಳಗಿರುವುದು ತಮ್ಮ ಪುಣ್ಯ ಎಂದರು. ಅವನ ಮುಖ ನೋಡಿ ಯಾಕೂಬಸಾಬನಿಗೆ ಮಾತ್ರ ಕರುಳು ಚುರುಕ್ಕೆಂದಿತು. ಕಿವಿಯ ಹತ್ತಿರ ಬಂದು, ಬರುವ ವಾರ ಬಿಜಾಪುರದಿಂದ ಎರಡು ಮೀನು ತಂದುಕೊಡುತ್ತೇನೆ ಎಂದು ಪಿಸುಗುಟ್ಟಿದ. ಅದು ಸಾಹೇಬರಿಗೂ ಕೇಳಿಸಿತು.

"ಸಾಬ್ರ, ದೊಡ್ಡವರಾಗಿ ಅವರ ನೇಮ ಕೆಡಸಬ್ಯಾಡ್ರಿ. ಇಂಥಾ ನೇಮ ಶ್ರಾವಣಕ್ಕಷ್ಟ ಯಾಕ, ವರ್ಷಪೂರ್ತಿ ನಡೀಲಿ. ನಾ ಈ ಊರಾಗ ಇರೂತನಕಾ ಪ್ರತಿ ಸೋಮವಾರ ಬಂದು ನೋಡ್ಕೊಂಡು ಹೋಗ್ತೇನಿ."

ದಾನೇಶ್ವರಿ ಪೆಟ್ಟಿಗೆಯನ್ನು ನಾಲ್ಕೂ ಕಡೆಯಿಂದ ನೋಡಿದಳು. ಒಂದು ಹುಳುವೂ ಕಾಣಲಿಲ್ಲ. "ಆತ್ರಿ, ಪೆಟ್ಟಿಗಿ ಇಲ್ಲೇ ಇರ್ಲಿ. ಆಡಿದ ಮಾತಿಗೆ ತಪ್ಪಾಕಿ ಅಲ್ಲ ನಾನು" ಎಂದಳು.

ಭಜನೆ ಸುರುವಾಯಿತು. ಯಾರೋ ಸಿದ್ದರಾಯನ ಕೈಗೆ ತಾಳ ಕೊಟ್ಟರು. ಹೆಂಡತಿಯ ಮೇಲಿನದು, ತಾಯಿಯ ಮೇಲಿನದು, ಸಾಹೇಬರ ಮೇಲಿನದು, ಎಲ್ಲ ಸಿಟ್ಟನ್ನೂ ಕೂಡಿಸಿ ಅವನು ತಾಳ ಬಡಿದ. ಇಷ್ಟು ಭಕ್ತಿಯನ್ನು ಸಿಂದಗಿಯಲ್ಲಿ ಈ ಮೊದಲು ತಾವು ಕಂಡಿರಲಿಲ್ಲ ಎಂದು ಸಾಹೇಬರು ಪಕ್ಕದವರಿಗೆ ಹೇಳಿದರು.