ನಾನು... ಅತ್ತೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಮೂಗು ಕಟ್ಟಿದ್ದ ಒಂದು ದೆವ್ವ.

ದೆವ್ವದ ಪಾತ್ರ ಮಾಡಿದಾಕೆಗೆ ಡಬ್ಬಿಂಗ್ ದಿನ ವಿಪರೀತ ನೆಗಡಿ. "ಈ ಬಾಗಿಲ ಹಿಂದೆ ನಿಂತು ನಾನು ಬಿಕ್ಕಿ ಬಿಕ್ಕಿ ಅತ್ತೆ" ಎನ್ನಬೇಕು. ಪ್ರತಿ ಸಲವೂ "ಬಿಕ್ಕಿ ಬಿಕ್ಕಿ"ಯ ಹತ್ತಿರ ಬಂದು ಸೀನಿಬಿಡುತ್ತಿದ್ದಳು. ನಿರ್ದೇಶಕ ತಲೆ ಕೆರೆದುಕೊಂಡು, "ದೆವ್ವ ಮಾತು ಕಮ್ಮಿ ಆಡಿದಷ್ಟೂ ಭಯ ಜಾಸ್ತಿ. ಬರೀ 'ನಾನು ಅತ್ತೆ' ಅನ್ನಿ, ಸಾಕು" ಎಂದ. ಎಂಥ ಬುದ್ಧಿವಂತ, ನೋಡಿ!

ಪಾಪ, ಅವನ ಬದುಕೇ ಆ ಸಿನಿಮಾದ ಮೇಲೆ ನಿಂತಿತ್ತು. ಹಿಂದಿನವೆಲ್ಲ ಅಳಿಸುವ ಚಿತ್ರಗಳು. ಪ್ರೇಕ್ಷಕರು ಅಳಲಿಲ್ಲ, ನಿರ್ಮಾಪಕರು ಮಾತ್ರ ಮನಸಾರೆ ಅತ್ತಿದ್ದರು. ಬೀದಿಯವರೆಲ್ಲ ಅವನಿಗೆ 'ಕರ್ಚೀಫು' ಎಂದೇ ಹೆಸರಿಟ್ಟಿದ್ದರು. ಇದ್ದದ್ದು ಹೆಂಡತಿಯ ತಾಯಿಯ ಮನೆಯಲ್ಲಿ. ಮೇಲೆ ಮನೆ, ಕೆಳಗೆ ಅತ್ತೆಯ ಹೊಲಿಗೆ ಅಂಗಡಿ. ಚಿತ್ರ ಬಿಡುಗಡೆಯ ದಿನ ಬೆಳಿಗ್ಗೆ ಅತ್ತೆ ತಿಂಡಿ ತಟ್ಟೆಯನ್ನು ಅವನ ಮುಂದೆ ಕುಕ್ಕಿದರು.

"ಅಳಿಯಂದ್ರೇ, ಇದೂ ತೋಪಾದ್ರೆ ನಾಳೆಯಿಂದ ಅಂಗಡೀಲಿ ಕೂತು ಅಂಗಿಗೆ ಗುಂಡಿ ಹೊಲೀರಿ. ಆಯ್ತಾ?"

"ಈ ಸಲ ಜನ ಕಿಟಾರನೆ ಕಿರುಚ್ತಾರೆ, ನೋಡ್ತಾ ಇರಿ ಅತ್ತೆ" ಎಂದ ಅವನು.

ಮೊದಲ ಆಟ. ಅವನೂ ಹೆಂಡತಿಯೂ ಹಿಂದಿನ ಸಾಲಿನಲ್ಲಿ, ಅವರ ಮುಂದೆಯೇ ಅತ್ತೆ ಮತ್ತು ಎದುರುಮನೆಯಾಕೆ. ತೆರೆಯ ಮೇಲೆ ಕತ್ತಲು. ಹೊಸದಾಗಿ ಮದುವೆಯಾದ ಜೋಡಿ ಗಡಗಡ ನಡುಗುತ್ತಿದೆ. ಬಾಗಿಲು ದಬದಬ ಸದ್ದಾಯಿತು.

"ಯಾ... ಯಾರದು?" ಎಂದ ನಾಯಕ.

ಬಾಗಿಲ ಆಚೆಯಿಂದ ಮೂಗಿನ ದನಿ ಬಂತು: "ನಾನು... ಅತ್ತೆ..."

ಮುಂದಿನ ಸಾಲಿನಿಂದ ಯಾರೋ ಕೂಗಿದರು, "ಲೋ, ಬಾಗಿಲು ತೆಗೀಬೇಡ್ವೋ! ಒಳಗೆ ಬಂದ್ರೆ ವಾಪಸ್ ಹೋಗಲ್ಲ!"

ನಗುವಿನ ಕಟ್ಟೆ ಒಡೆಯಿತು. ದೆವ್ವ ಪಾಪ ತನ್ನ ಪಾಡಿಗೆ ತನ್ನ ಗೋಳು ಹೇಳಿಕೊಳ್ಳುತ್ತಿತ್ತು: "ಅಡುಗೆಮನೇಲಿ ಅತ್ತೆ... ಹಿತ್ತಲಲ್ಲಿ ಅತ್ತೆ... ಹೋದಲ್ಲೆಲ್ಲಾ ಅತ್ತೆ..."

"ನಮ್ಮನೇಲೂ ಇದೇ ಕಥೆ!" ಎಂದು ಒಬ್ಬ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವನ ಹೆಂಡತಿ ಅಂಗಿ ಹಿಡಿದು ಎಳೆದು ಕೂರಿಸಿದಳು.

ನಿರ್ದೇಶಕ ಕುರ್ಚಿಯಲ್ಲಿ ಕೆಳಕ್ಕೆ ಜಾರಿದ. ಅಷ್ಟು ಸಾಲದೆಂಬಂತೆ ಎದುರುಮನೆಯಾಕೆ ಅತ್ತೆಯ ಪಕ್ಕೆಗೆ ತಿವಿದರು. "ರೀ, ಶೂಟಿಂಗ್ ಮಾಡಿರೋ ಮನೆ ನಿಮ್ದು ಅಂತ ಗೊತ್ತಿತ್ತು. ದೆವ್ವ ಹೊದ್ಕೊಂಡಿರೋದು ನಿಮ್ಮ ಚೌಕುಳಿ ಶಾಲಲ್ವಾ? ಅಂಚಿನ ತೇಪೆ ಕೂಡ ಅದೇ!"

ಚಳಿ ಎಂದು ಕುಯ್ಯೋ ಮರ್ರೋ ಎನ್ನುತ್ತಿದ್ದ ದೆವ್ವಕ್ಕೆ ಆ ಶಾಲು ಹೊದೆಸಿದ್ದು ಅವನೇ. ಅತ್ತೆ ನಿಧಾನವಾಗಿ ಹಿಂದೆ ತಿರುಗಿ ನೋಡಿದರು. ಇಡೀ ಚಿತ್ರಮಂದಿರದಲ್ಲಿ ಆವತ್ತು ಹೆದರಿದವನು ಅವನೊಬ್ಬನೇ.

ಮಧ್ಯಂತರದಲ್ಲಿ ಪಾಪ್‌ಕಾರ್ನ್ ಮಾರುವ ಕಟ್ಟೆಯ ಹತ್ತಿರ ಅತ್ತೆಯ ಕೈಗೆ ಸಿಕ್ಕಿಬಿದ್ದ.

"ಮನೆ ನಂದು, ಶಾಲು ನಂದು. ದೆವ್ವಾನೂ ನಾನೇನಾ?"

"ಅಯ್ಯಯ್ಯೋ, ಅಲ್ಲ ಅತ್ತೆ! ಅದು ಅತ್ತೆ ಅಲ್ಲ. ಅತ್ತೆ ಅಂದ್ರೆ... ಅತ್ತೆ!"

"ನಾನೂ ಅದನ್ನೇ ಹೇಳ್ತಿರೋದು!"

"ಅಳೋದು ಅತ್ತೆ! ಅಂದ್ರೆ, ಅತ್ತೆ ಅಳಲ್ಲ, ದೆವ್ವ ಅಳುತ್ತೆ..."

"ಓಹೋ! ಅತ್ತೆ ಅಳಲ್ಲ, ಬೇರೆಯವರನ್ನ ಅಳಿಸ್ತಾಳೆ ಅಂತಾನಾ?"

ಸುತ್ತ ಜನ ಜಮಾಯಿಸಿಬಿಟ್ಟರು. "ಬನ್ರೋ, ಅಸಲಿ ಅತ್ತೆ ಇಲ್ಲೇ ಇದಾರೆ!" ಎಂದು ಯಾರೋ ಕೂಗಿದ. ಅತ್ತೆ ಕಣ್ಣು ಕೆಂಪಗೆ ಮಾಡಿ "ಹೋಗ್ರೋ ಆಚೆ!" ಎಂದು ಗದರಿದರು. ಜನ ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಗದರಿದರು, ಶಿಳ್ಳೆ ಬಿತ್ತು. ಮೂರನೆಯ ಸಲ ಗದರುವ ಮುಂಚೆ ಅತ್ತೆ ಕೂದಲು ಸರಿಮಾಡಿಕೊಂಡದ್ದನ್ನು ಹೆಂಡತಿ ಮಾತ್ರ ಗಮನಿಸಿದಳು.

ಸಂಜೆ ನಿರ್ದೇಶಕ ಮಂಚದ ಮೇಲೆ ಮುಸುಕು ಹಾಕಿ ಮಲಗಿದ್ದ. ಗುಂಡಿ ಹೊಲಿಯುವುದು ಹಣೆಯಲ್ಲೇ ಬರೆದಿದೆ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ದಬದಬ ಸದ್ದಾಯಿತು. ಒಳಗೆ ಬಂದ ನಿರ್ಮಾಪಕ ಅವನನ್ನು ಮುಸುಕಿನ ಸಮೇತ ಅಪ್ಪಿಕೊಂಡ.

"ಗೆದ್ದುಬಿಟ್ರಲ್ರೀ! ಎಲ್ಲಾ ಆಟಾನೂ ಭರ್ತಿ! ಹೆದರಿಸೋ ದೆವ್ವಾನ ಇಟ್ಕೊಂಡು ಈ ಥರ ನಗಿಸೋ ಐಡಿಯಾ ಹೆಂಗ್ರೀ ಹೊಳೀತು ನಿಮ್ಗೆ?"

ನಿರ್ದೇಶಕ ಎದ್ದು ಕೂತ. ಮುಸುಕನ್ನು ಪಕ್ಕಕ್ಕೆ ಸರಿಸಿ, "ಹಾಸ್ಯ ನನ್ನ ರಕ್ತದಲ್ಲೇ ಇದೆ" ಎಂದ. ಖುಷಿಗೆ ಅವನ ಕಣ್ಣಲ್ಲಿ ನೀರು ಬಂತು. ಇನ್ನು ಗುಂಡಿಯೂ ಇಲ್ಲ, ಸೂಜಿಯೂ ಇಲ್ಲ!

"ಎರಡನೇ ಭಾಗಾನೂ ನೀವೇ ಮಾಡ್ಬೇಕು. ಆದ್ರೆ ಒಂದು ಮಾತು" ಎಂದ ನಿರ್ಮಾಪಕ. "ದೆವ್ವ ಮಾತ್ರ ನಿಮ್ಮ ಅತ್ತೇನೇ ಆಗ್ಬೇಕು. ಮಧ್ಯಂತರದಲ್ಲಿ ಕಣ್ಣಾರೆ ನೋಡ್ದೆ, ಆಹಾ, ಏನು ಕಳೆ!"

ಇಬ್ಬರೂ ಬಾಗಿಲತ್ತ ತಿರುಗಿದರು. ಅಲ್ಲಿ ಅತ್ತೆ ಆಗಲೇ ಚೌಕುಳಿ ಶಾಲು ಹೊದ್ದು ನಿಂತಿದ್ದರು.

"ಮಾಡೋಣಂತೆ. ಆದ್ರೆ ನಾನು ಅಂಗಡಿ ಬಿಟ್ಟು ಬರಲ್ಲ."

"ಅಂಗಡೀಲೇ ಶೂಟಿಂಗ್ ಇಟ್ಕೊಳ್ಳೋಣ ಬಿಡಿ! ಹೆಸರೂ ಹೊಳೆದಾಯ್ತು: 'ಅತ್ತೆ ಇತ್ತ, ಅಳಿಯ ಅತ್ತ'!"

"ನಾನು ಬಣ್ಣ ಹಚ್ಕೊಂಡ್ರೆ ಕೆಲಸ ಯಾರು ಮಾಡ್ತಾರೆ?" ಎಂದು ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಒಂದು ಶಾಟಿಗೂ ಇನ್ನೊಂದು ಶಾಟಿಗೂ ಮಧ್ಯೆ ಅಳಿಯಂದ್ರು ಸುಮ್ನೇ ತಾನೇ ಕೂತಿರ್ತಾರೆ?"

ಮಾರನೆಯ ದಿನ ಬೆಳಿಗ್ಗೆ, ಬೀದಿಗೇ ಹೆಸರುವಾಸಿಯಾದ ಯಶಸ್ವಿ ನಿರ್ದೇಶಕ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಇತ್ತ ಅತ್ತೆ ಕನ್ನಡಿಯ ಮುಂದೆ ಕಣ್ಣು ಬಿಡುವುದನ್ನು ಅಭ್ಯಾಸ ಮಾಡುತ್ತಿದ್ದರು. ಹೆಂಡತಿ ಅವನ ಪಕ್ಕ ಬಂದು ಕೂತಳು.

"ರೀ, 'ಅಳಿಯ ಅತ್ತ' ಅಂದ್ರೆ ಆ ಕಡೆ ಇದ್ದ ಅಂತಲೋ, ಅತ್ತುಬಿಟ್ಟ ಅಂತಲೋ?"

ಸೂಜಿ ಬೆರಳಿಗೆ ಚುಚ್ಚಿತು.

"ಎರಡೂ ಕಣೇ" ಎಂದ ಅವನು.