ಮಾವನ ಮೂಕಿ ಸಿನಿಮಾ

ನಮ್ಮ ಸೋದರಮಾವ ಒಂದು ವರ್ಷದಲ್ಲಿ ಆಡುವ ಮಾತನ್ನು ನಾನು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಆಡಿಬಿಡುತ್ತೇನೆ. ಅತ್ತೆ ಇರುವವರೆಗೆ ಅವರಿಗೆ ಬಾಯಿಯ ಅಗತ್ಯವೇ ಬಿದ್ದಿರಲಿಲ್ಲ. ಮಾವನಿಗೆ ಹಸಿವಾಗಿದೆ ಎಂಬುದನ್ನೂ ಅತ್ತೆಯೇ ಹೇಳುತ್ತಿದ್ದರು! ದಿನಾ ಬೆಳಿಗ್ಗೆ ಇಬ್ಬರೂ ಕುಶಾಲನಗರದ ಪೇಟೆ ಸುತ್ತುತ್ತಿದ್ದರು. ಮಾವ ಚೀಲ ಹಿಡಿಯುವುದು, ಅತ್ತೆ ಅವರ ಎಡಗಡೆ ನಿಂತು ಊರವರ ಸುಖದುಃಖವನ್ನೆಲ್ಲ ವಿಚಾರಿಸುವುದು.

ಅತ್ತೆ ತೀರಿಕೊಂಡ ಕೆಲವು ತಿಂಗಳಿಗೆ ಮಾವ ಅಪರೂಪಕ್ಕೆ ಬಾಯಿಬಿಟ್ಟರು. "ಪೇಟೆಯೋರು ಅವಳನ್ನ ಮರ್ತೇಬಿಟ್ರೇನೋ?"

"ಯಾರಿಗೆ ಪುರುಸೊತ್ತು ಮಾವ, ಮರ್ತಿರ್ತಾರೆ" ಎಂದುಬಿಟ್ಟೆ. ನನ್ನ ಹಾಳು ನಾಲಿಗೆ!

ಮರುದಿನವೇ ಹೊಸ ಮೊಬೈಲು ಬಂತು. "ಸಿನಿಮಾ ತೆಗೀತೀನಿ."

"ಹೀರೋ ಯಾರು ಮಾವ?"

"ಪೇಟೆ."

"ಡೈಲಾಗು?"

"ಬೇಡ."

ತಿಂಗಳಿಡೀ ಮಾವ ಮೊಬೈಲನ್ನು ಎದೆಗಾನಿಸಿಕೊಂಡು ಅಂಗಡಿ ಅಂಗಡಿಯ ಮುಂದೆ ನಿಂತರು. ಪುರಸಭೆಯವರೆಂದು ಹೆದರಿದ ಹೋಟೆಲಿನವನು ಒಂದೇ ದಿನ ಎರಡು ಸಲ ಟೇಬಲ್ ಒರೆಸಿದ! ಕ್ಷೌರದಂಗಡಿಯವನಂತೂ ನನ್ನನ್ನು ತಡೆದು, "ನಿಮ್ಮ ಮಾವನಿಗೆ ಹೇಳಿ ಸಾರ್, ಹಿಂಗೆ ನೋಡ್ತಾ ನಿಂತ್ರೆ ಯಾರದಾದ್ರೂ ಕಿವಿ ಕೊಯ್ದ್ಬಿಡ್ತೀನಿ" ಎಂದ.

ಒಂದು ಭಾನುವಾರ ಮಧ್ಯಾಹ್ನ ಮಾವ ಕಿಟಕಿಯ ಪರದೆ ಎಳೆದು, ತಾವು ತೆಗೆದದ್ದನ್ನು ಟಿ.ವಿ.ಗೆ ಹಾಕಿ, ಸದ್ದು ಪೂರ್ತಿ ನಿಲ್ಲಿಸಿದರು. ಮೂರು ಜನ ಕೂರುವ ಸೋಫಾದಲ್ಲಿ ನಾನು, ಮಾವ, ಮತ್ತು ಒಂದು ತಟ್ಟೆ ಚಕ್ಕುಲಿ.

ಮೊದಮೊದಲು ನಗು ಬಂತು. ಆಮೇಲೆ ಚಕ್ಕುಲಿ ಬಾಯಲ್ಲೇ ನಿಂತಿತು. ಪ್ರತಿಯೊಬ್ಬರೂ ಮಾವನ ಕಡೆ ನೋಡುತ್ತಿದ್ದರು, ಆಮೇಲೆ ಅವರ ಕಣ್ಣು ಸ್ವಲ್ಪ ಎಡಕ್ಕೆ ಸರಿಯುತ್ತಿತ್ತು. ಎಲ್ಲರದೂ ಒಂದೇ ಜಾಗಕ್ಕೆ, ಒಂದೇ ಎತ್ತರಕ್ಕೆ! ತರಕಾರಿಯ ಹೆಂಗಸು ಕೊತ್ತಂಬರಿ ಕಟ್ಟಿನ ನೀರು ಕೊಡವಿ ಆ ಕಡೆಗೇ ಚಾಚಿದಳು. ಯಾರೂ ಇರಲಿಲ್ಲ. ಬೆಚ್ಚಿ ಕೈ ಹಿಂದೆಳೆದುಕೊಂಡಳು. ಮಾವ ಹತ್ತಿ ಕೂತರೂ ಆಟೋದವನು ಹೊರಡದೆ, ಇನ್ನೊಬ್ಬರು ಹತ್ತಲೆಂದು ತಿರುಗಿ ಕಾಯುತ್ತಿದ್ದ. ಬಸ್ ನಿಲ್ದಾಣದ ಕುಂಟುನಾಯಿ ಮಾವನನ್ನು ಮೂಸಿಯೂ ನೋಡದೆ, ಎಡಗಡೆಯ ಖಾಲಿ ಜಾಗದ ಮುಂದೆ ಕೂತು, ಕತ್ತೆತ್ತಿ ಬಾಲ ಆಡಿಸುತ್ತಿತ್ತು. ಅದು ಯಾರನ್ನು ನೋಡುತ್ತಿತ್ತು ಹೇಳಿ?

"ಮರ್ತಿಲ್ಲ ಕಣೋ" ಎಂದರು ಮಾವ.

"ತಪ್ಪಾಯ್ತು ಮಾವ. ನಾನು ಹಂಗನ್ನಬಾರದಿತ್ತು. ನಾನೇ ಮರ್ತಿದ್ದೆ ಅನ್ಸುತ್ತೆ."

ಮಾವ ಸೋಫಾದ ಕಡೆ ಬೆರಳು ತೋರಿಸಿದರು.

ನೋಡಿದೆ. ಚಕ್ಕುಲಿ ತಟ್ಟೆ ನನ್ನ ತೊಡೆಯ ಮೇಲಿತ್ತು. ಮಾವ ಬಲತುದಿಯಲ್ಲಿದ್ದರು. ನಾನು ಎಡತುದಿಗೆ ಅಂಟಿಕೊಂಡು ಮುದುರಿ ಕೂತಿದ್ದೆ. ನಡುವೆ ಅತ್ತೆ ಕೂರುವಷ್ಟು ಜಾಗ ಬಿಟ್ಟಿದ್ದೆ.